ಅಣ್ವಸ್ತ್ರ ಹರಡದಂತೆ ತಡೆಯುವುದೆಂದರೆ ಎರಡು ಲೋಹಗಳ ಲೆಕ್ಕವಿಡುವುದು

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ವಿನ್ಯಾಸವನ್ನು ಅದಕ್ಕೂ ಮೊದಲು ಎಲ್ಲಿಯೂ ಸ್ಫೋಟಿಸಿ ನೋಡಿರಲಿಲ್ಲ. ಆ ವರ್ಷದ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ನಡೆದ ಪರೀಕ್ಷೆ ಪ್ಲುಟೋನಿಯಂ ಬಾಂಬಿನದು. ಅದೇ ಬಗೆಯ ಬಾಂಬು ಆಗಸ್ಟ್ 9ರಂದು ನಾಗಸಾಕಿಯನ್ನು ಸುಟ್ಟಿತು. ಹಿರೋಷಿಮಾಕ್ಕೆ ಒಯ್ದ ಯುರೇನಿಯಂ ಬಾಂಬು ಎಷ್ಟು ಸರಳವಾದ ತತ್ತ್ವದ ಮೇಲೆ ನಿಂತಿತ್ತೆಂದರೆ, ಅದು ಸಿಡಿಯುತ್ತದೆ ಎಂಬ ಬಗ್ಗೆ ಅದನ್ನು ಕಟ್ಟಿದ ವಿಜ್ಞಾನಿಗಳಿಗೆ ಸಂದೇಹವಿರಲಿಲ್ಲ. ಅದರೊಳಗೆ ಇಡಬೇಕಾಗಿದ್ದ ಸುಮಾರು 64 ಕಿಲೋ ಯುರೇನಿಯಂ ಅನ್ನು ಒಟ್ಟುಗೂಡಿಸುವುದೇ ಅವರಿಗೆ ನಿಜವಾದ ಕಷ್ಟವಾಗಿತ್ತು. ಅದಕ್ಕಾಗಿ ಅಮೆರಿಕವು ಟೆನೆಸ್ಸೀ ರಾಜ್ಯದ ಓಕ್ ರಿಡ್ಜ್‌ನಲ್ಲಿ ಒಂದು ಹೊಸ ಊರನ್ನೇ ಕಟ್ಟಿ, ಹತ್ತಾರು ಸಾವಿರ ಜನರನ್ನು, ಅವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡುತ್ತಿದ್ದೇವೆಂದು ಹೇಳದೆಯೇ, ದುಡಿಸಿತು.

ಎಂಟು ದಶಕಗಳ ನಂತರವೂ ಈ ಸ್ಥಿತಿ ಬದಲಾಗಿಲ್ಲ. ಅಣುಬಾಂಬು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಜಗತ್ತಿನ ಗ್ರಂಥಾಲಯಗಳಲ್ಲಿ ಹರಡಿಹೋಗಿದೆ. ಅದನ್ನು ಮರಳಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಲಾಗದು. ಹಿಡಿತಕ್ಕೆ ಸಿಗುವುದು ಸಾಮಗ್ರಿ ಮಾತ್ರ. ಬಾಂಬಿಗೆ ತಕ್ಕ ಯುರೇನಿಯಂ ಅಥವಾ ಪ್ಲುಟೋನಿಯಂ ಇಲ್ಲದೆ ಯಾವ ಸರ್ಕಾರವೂ ಯಾವ ಉಗ್ರ ಸಂಘಟನೆಯೂ ಅಣ್ವಸ್ತ್ರವನ್ನು ಮಾಡಲಾರದು, ಮತ್ತು ಈ ಎರಡು ಲೋಹಗಳು ಆ ರೂಪದಲ್ಲಿ ನಿಸರ್ಗದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಅಣ್ವಸ್ತ್ರ ಪ್ರಸರಣ ತಡೆ, ಅಣು ಭಯೋತ್ಪಾದನೆ ತಡೆ ಎಂದು ನಾವು ಎರಡಾಗಿ ಹೇಳುವ ವಿಷಯಗಳು ಒಂದೇ ಕಿರಿದಾದ ಬಾಗಿಲಿನಲ್ಲಿ ಬಂದು ಸೇರುತ್ತವೆ. ಒಪ್ಪಂದ, ಶೃಂಗಸಭೆ, ನಿರ್ಬಂಧ ಎಲ್ಲವೂ ಅಗತ್ಯವೇ ಹೌದು. ಆದರೆ ಇವುಗಳ ಬೆಲೆಯನ್ನು ಅಳೆಯಬೇಕಾದದ್ದು ಈ ಲೋಹಗಳ ಲೆಕ್ಕ ಮತ್ತು ಕಾವಲನ್ನು ಇವು ಎಷ್ಟು ಬಿಗಿಗೊಳಿಸಿದವು ಎಂಬುದರಿಂದ ಎಂದು ನಾನು ನಂಬಿದ್ದೇನೆ.

ಮೊದಲು ಯುರೇನಿಯಂನ ವಿಷಯ. ಗಣಿಯಿಂದ ಬರುವ ಯುರೇನಿಯಂನಲ್ಲಿ ಎರಡು ಬಗೆಯ ಪರಮಾಣುಗಳಿರುತ್ತವೆ. ಸುಲಭವಾಗಿ ಒಡೆದು ಸರಪಳಿ ಕ್ರಿಯೆಯನ್ನು ನಡೆಸಿಕೊಂಡು ಹೋಗುವ ಯುರೇನಿಯಂ-235 ಇರುವುದು ಶೇಕಡಾ 0.7ರಷ್ಟು ಮಾತ್ರ, ಉಳಿದದ್ದು ಬಹುತೇಕ ಯುರೇನಿಯಂ-238. ರಾಸಾಯನಿಕ ಗುಣದಲ್ಲಿ ಎರಡೂ ಒಂದೇ ಆಗಿರುವುದರಿಂದ ಯಾವ ಆಮ್ಲದಿಂದಲೂ ಇವನ್ನು ಬೇರ್ಪಡಿಸಲಾಗದು. ತೂಕದಲ್ಲಿರುವ ಅತಿ ಸಣ್ಣ ವ್ಯತ್ಯಾಸವನ್ನು ಹಿಡಿದು, ಯುರೇನಿಯಂ ಅನ್ನು ಅನಿಲವಾಗಿಸಿ, ಭಾರಿ ವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್ ಕೊಳವೆಗಳಲ್ಲಿ ಮತ್ತೆ ಮತ್ತೆ ಹಾಯಿಸಿ ಹಗುರವಾದದ್ದನ್ನು ಹೆಚ್ಚಿಸುತ್ತಾ ಹೋಗಬೇಕು. ಇದಕ್ಕೇ ಯುರೇನಿಯಂ ಸಂವರ್ಧನೆ ಎನ್ನುತ್ತಾರೆ. ಬಹುತೇಕ ವಿದ್ಯುತ್ ಸ್ಥಾವರಗಳಿಗೆ ಶೇಕಡಾ 3ರಿಂದ 5ರ ಮಟ್ಟ ಸಾಕು. ಶೇಕಡಾ 20ನ್ನು ದಾಟಿದ್ದನ್ನು ಅತಿ ಸಂವರ್ಧಿತ ಎಂದು ಕರೆಯುತ್ತಾರೆ. ಶಸ್ತ್ರಕ್ಕೆ ಸಾಮಾನ್ಯವಾಗಿ ಬಳಸುವುದು ಶೇಕಡಾ 90ರ ಆಸುಪಾಸಿನದನ್ನು.

ಸುದ್ದಿಯಲ್ಲಿ ಈ ಅಂಕಿಗಳನ್ನು ಓದುವವರಿಗೆ ಶೇಕಡಾ 5 ಎಂದರೆ ಬಾಂಬಿನಿಂದ ಬಹಳ ದೂರ, 20 ಎಂದರೆ ಇನ್ನೂ ಕಾಲು ದಾರಿಯೂ ಸವೆದಿಲ್ಲ ಎಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ. ಗಣಿಯ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ನಮಗೆ ಬೇಕಾದವು 7, ಬೇಡದವು 993. ಏಳನ್ನೂ ಕಳೆದುಕೊಳ್ಳದೆ ಬೇಡದವನ್ನು ಮಾತ್ರ ತೆಗೆಯುತ್ತಾ ಹೋಗುತ್ತೇವೆ ಎಂದಿಟ್ಟುಕೊಳ್ಳಿ. ಶೇಕಡಾ 4ಕ್ಕೆ ಬರುವಾಗ ಆ ಏಳರ ಜೊತೆ ಉಳಿಯುವ ಬೇಡದ ಪರಮಾಣುಗಳು 168. ಅಂದರೆ 825 ಆಗಲೇ ಹೊರಗೆ ಹೋಗಿವೆ. ಶೇಕಡಾ 20ರಲ್ಲಿ ಉಳಿದವು 28. ಶೇಕಡಾ 90ರ ಹತ್ತಿರ ಬರಲು ಅವುಗಳಲ್ಲಿ 27ನ್ನು ತೆಗೆದರೆ ಮುಗಿಯಿತು. ನಿಜವಾದ ಘಟಕದಲ್ಲಿ ಲೆಕ್ಕ ಇಷ್ಟು ಸಲೀಸಾಗಿರುವುದಿಲ್ಲ, ಆದರೆ ತಾತ್ಪರ್ಯ ಇದೇ: ಶ್ರಮದ ಬಹುಭಾಗ ವಿದ್ಯುತ್ತಿನ ಮಟ್ಟ ತಲುಪುವಷ್ಟರಲ್ಲೇ ಮುಗಿದಿರುತ್ತದೆ. ಶಾಂತಿಯುತ ಬಳಕೆಗೆಂದು ಸೆಂಟ್ರಿಫ್ಯೂಜ್ ಕಟ್ಟಿದ ದೇಶ ಮತ್ತು ಬಾಂಬಿಗೆಂದು ಕಟ್ಟಿದ ದೇಶ ಇವೆರಡನ್ನು ಯಂತ್ರ ನೋಡಿ ಬೇರ್ಪಡಿಸಲಾಗದ ಕಾರಣವೂ ಇದೇ.

ಇರಾನಿನ ಕುರಿತ ಆತಂಕವೆಲ್ಲ ಈ ಲೆಕ್ಕದಿಂದ ಹುಟ್ಟಿದ್ದು. ಅಮೆರಿಕ ಮತ್ತಿತರ ದೇಶಗಳ ಜೊತೆ 2015ರ ಜುಲೈನಲ್ಲಿ ಆದ ಒಪ್ಪಂದದ ಪ್ರಕಾರ ಇರಾನ್ ಶೇಕಡಾ 3.67ನ್ನು ಮೀರುವಂತಿರಲಿಲ್ಲ, ದಾಸ್ತಾನು 300 ಕಿಲೋ ದಾಟುವಂತಿರಲಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರನಡೆಯಿತು. 2021ರಲ್ಲಿ ಇರಾನ್ ಶೇಕಡಾ 60ರ ಮಟ್ಟಕ್ಕೆ ಸಂವರ್ಧನೆ ಆರಂಭಿಸಿತು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ಅಲ್ಲಿನ ಘಟಕಗಳ ಮೇಲೆ ದಾಳಿ ನಡೆಸಿದಾಗ ಶೇಕಡಾ 60ರ ಯುರೇನಿಯಂ ಸುಮಾರು 440 ಕಿಲೋ ಇತ್ತೆಂಬುದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಅಂದಾಜು. ದಾಳಿಯ ನಂತರದ ತಿಂಗಳುಗಳಲ್ಲಿ ಆ ದಾಸ್ತಾನನ್ನು ಕಣ್ಣಾರೆ ಕಂಡು ಅಳೆಯಲು ಸಂಸ್ಥೆಯ ತಪಾಸಕರಿಗೆ ಆಗಲಿಲ್ಲ. ಬಾಂಬು ಹಾಕಿ ಕಟ್ಟಡವನ್ನು ಕೆಡವಬಹುದು. ಕಳೆದುಹೋದ ಲೆಕ್ಕವನ್ನು ಅದರಿಂದ ಮರಳಿ ಪಡೆಯಲಾಗದು.

ಪ್ಲುಟೋನಿಯಂನ ದಾರಿ ಬೇರೆ. ರಿಯಾಕ್ಟರಿನಲ್ಲಿ ಇಂಧನ ಉರಿಯುವಾಗ ಯುರೇನಿಯಂ-238ರ ಒಂದು ಪಾಲು ನ್ಯೂಟ್ರಾನ್ ಹೀರಿಕೊಂಡು ಪ್ಲುಟೋನಿಯಂ ಆಗುತ್ತದೆ. ಅದು ಬಳಸಿದ ಇಂಧನದ ಕಂಬಿಗಳ ಒಳಗೇ ಇರುತ್ತದೆ. ಹೊಸದಾಗಿ ಹೊರತೆಗೆದ ಆ ಕಂಬಿಗಳ ವಿಕಿರಣ ಎಷ್ಟು ತೀವ್ರವೆಂದರೆ, ಕವಚವಿಲ್ಲದೆ ಹತ್ತಿರ ಹೋದವರು ಬದುಕುವುದು ಕಷ್ಟ; ಕಳ್ಳನಿಂದ ಕಾಯುವ ಕೆಲಸವನ್ನು ವಿಕಿರಣವೇ ಮಾಡುತ್ತದೆ. ಅಪಾಯ ಆರಂಭವಾಗುವುದು ದಪ್ಪ ಗೋಡೆಗಳ ಮರುಸಂಸ್ಕರಣಾ ಘಟಕದಲ್ಲಿ ಅದನ್ನು ಕರಗಿಸಿ ಪ್ಲುಟೋನಿಯಂ ಅನ್ನು ಬೇರ್ಪಡಿಸಿದ ಮೇಲೆ. ನಾಗಸಾಕಿಯ ಬಾಂಬಿನಲ್ಲಿದ್ದದ್ದು ಸುಮಾರು 6 ಕಿಲೋ ಪ್ಲುಟೋನಿಯಂ. ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣವೆಂದು ಅಣುಶಕ್ತಿ ಸಂಸ್ಥೆ ಇಟ್ಟುಕೊಂಡಿರುವ ಮಿತಿ ಪ್ಲುಟೋನಿಯಂಗೆ 8 ಕಿಲೋ. ಅತಿ ಸಂವರ್ಧಿತ ಯುರೇನಿಯಂನಲ್ಲಿನ 235ಕ್ಕೆ 25 ಕಿಲೋ. ಜಗತ್ತಿನಲ್ಲಿರುವ ಒಟ್ಟು ದಾಸ್ತಾನು ಬೇರ್ಪಡಿಸಿದ ಪ್ಲುಟೋನಿಯಂ 500 ಟನ್‌ಗೂ ಹೆಚ್ಚು, ಅತಿ ಸಂವರ್ಧಿತ ಯುರೇನಿಯಂ ಸಾವಿರ ಟನ್‌ಗೂ ಹೆಚ್ಚು. ಕಿಲೋಗಳಲ್ಲಿ ಅಪಾಯವಿರುವ ವಸ್ತುವನ್ನು ಟನ್ನುಗಳಲ್ಲಿ ಇಟ್ಟುಕೊಂಡು ಕುಳಿತಿದ್ದೇವೆ.

ದೇಶಗಳನ್ನು ತಡೆಯುವ ವ್ಯವಸ್ಥೆಯ ಅಡಿಗಲ್ಲು 1970ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಅಂದರೆ ಎನ್‌ಪಿಟಿ. 1967ರ ಜನವರಿ 1ಕ್ಕೆ ಮೊದಲು ಸ್ಫೋಟ ನಡೆಸಿದ್ದ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾಗಳನ್ನು ಅದು ಅಣ್ವಸ್ತ್ರ ದೇಶಗಳೆಂದು ಒಪ್ಪಿತು. ಉಳಿದವರು ಶಸ್ತ್ರ ಮಾಡುವುದಿಲ್ಲವೆಂದು ಮಾತು ಕೊಟ್ಟು ತಪಾಸಣೆಗೆ ಒಳಗಾಗಬೇಕು. ಪ್ರತಿಯಾಗಿ ಅವರಿಗೆ ಶಾಂತಿಯುತ ಅಣುಶಕ್ತಿಯ ಹಕ್ಕು ಸಿಗುತ್ತದೆ, ಮತ್ತು ಆ ಐವರು ನಿಶ್ಶಸ್ತ್ರೀಕರಣದತ್ತ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ಈ ಕೊನೆಯ ಮಾತನ್ನು ಐವರೂ ಅರೆಮನಸ್ಸಿನಿಂದ ಪಾಲಿಸಿದ್ದಾರೆ. 1980ರ ದಶಕದ ನಡುವೆ 60 ಸಾವಿರವನ್ನು ಮೀರಿದ್ದ ಜಗತ್ತಿನ ಸಿಡಿತಲೆಗಳ ಸಂಖ್ಯೆ ಇಂದು ಸುಮಾರು 12 ಸಾವಿರಕ್ಕೆ ಇಳಿದಿದೆ ಎಂಬುದು ದೊಡ್ಡ ಸಾಧನೆ. ಆದರೆ ಐವರಲ್ಲಿ ಯಾರೂ ಶೂನ್ಯದ ದಾರಿಯಲ್ಲಿ ಇಲ್ಲ. ಭಾರತ, ಪಾಕಿಸ್ತಾನ, ಇಸ್ರೇಲ್ ಈ ಒಪ್ಪಂದಕ್ಕೆ ಸೇರಲೇ ಇಲ್ಲ. ಉತ್ತರ ಕೊರಿಯಾ 2003ರಲ್ಲಿ ಹೊರಬರುವುದಾಗಿ ಸಾರಿ, 2006ರಲ್ಲಿ ಮೊದಲ ಪರೀಕ್ಷೆ ನಡೆಸಿತು.

ತಪಾಸಣೆ ನಡೆಸುವುದು 1957ರಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಬ್ಯಾಂಕಿನ ನಗದನ್ನು ಲೆಕ್ಕ ಪರಿಶೋಧಕರು ತಾಳೆ ನೋಡುವಂತೆಯೇ ಅದರ ಕೆಲಸ: ಘಟಕಕ್ಕೆ ಎಷ್ಟು ಬಂತು, ಎಷ್ಟು ಹೋಯಿತು, ಪುಸ್ತಕದಲ್ಲಿರುವುದು ಕಪಾಟಿನಲ್ಲಿದೆಯೇ ಎಂದು ಅಳೆದು, ಮೊಹರು ಹಾಕಿ, ಕ್ಯಾಮೆರಾ ಇಡುವುದು. ದೇಶ ತಾನಾಗಿ ತೋರಿಸಿದ್ದನ್ನು ಮಾತ್ರ ನೋಡುವುದು ಈ ಪದ್ಧತಿಯ ಹಳೆಯ ದೋಷವಾಗಿತ್ತು. 1991ರ ಕೊಲ್ಲಿ ಯುದ್ಧದ ನಂತರ ಇರಾಕಿಗೆ ಹೋದ ತಪಾಸಕರಿಗೆ, ತಾವು ವರ್ಷವರ್ಷವೂ ಭೇಟಿ ಕೊಡುತ್ತಿದ್ದ ತುವೈಥಾ ಕೇಂದ್ರದ ಆವರಣದಲ್ಲೇ, ತಾವು ನೋಡದ ಕಟ್ಟಡಗಳಲ್ಲಿ ಗುಪ್ತ ಕಾರ್ಯಕ್ರಮ ನಡೆದಿತ್ತೆಂದು ತಿಳಿಯಿತು. ಅದರ ಫಲವಾಗಿ 1997ರಲ್ಲಿ ಹೆಚ್ಚುವರಿ ಪ್ರೋಟೊಕಾಲ್ ಬಂತು. ಅದನ್ನು ಒಪ್ಪಿದ ದೇಶಗಳಲ್ಲಿ ಘೋಷಿಸದ ಜಾಗಗಳಿಗೂ ಹೋಗುವ, ಗೋಡೆಯ ಮೇಲಿನ ದೂಳನ್ನು ಒರೆಸಿ ತೆಗೆದು ಪರೀಕ್ಷಿಸುವ ಅಧಿಕಾರ ತಪಾಸಕರಿಗೆ ಸಿಕ್ಕಿತು. ಸಂವರ್ಧನೆ ನಡೆದ ಕೋಣೆಯಿಂದ ಯುರೇನಿಯಂನ ಸುಳಿವನ್ನು ಪೂರ್ತಿ ತೊಳೆದುಹಾಕುವುದು ಬಹಳ ಕಷ್ಟ.

ಲೆಕ್ಕಪುಸ್ತಕದ ಶಕ್ತಿ ಎಷ್ಟೆಂಬುದಕ್ಕೆ ದಕ್ಷಿಣ ಆಫ್ರಿಕಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ವರ್ಣಭೇದದ ಕಾಲದ ಸರ್ಕಾರ ಗುಟ್ಟಾಗಿ ಆರು ಯುರೇನಿಯಂ ಬಾಂಬುಗಳನ್ನು ಮಾಡಿಟ್ಟುಕೊಂಡು, ಬಳಿಕ ತಾನೇ ಅವನ್ನು ಬಿಚ್ಚಿಹಾಕಿ, 1991ರಲ್ಲಿ ಎನ್‌ಪಿಟಿಗೆ ಸೇರಿತು. 1993ರ ಮಾರ್ಚ್‌ನಲ್ಲಿ ಅಧ್ಯಕ್ಷ ಎಫ್.ಡಬ್ಲ್ಯು. ಡಿ ಕ್ಲರ್ಕ್ ಸಂಸತ್ತಿನಲ್ಲಿ ವಿಷಯವನ್ನು ಬಹಿರಂಗಪಡಿಸಿದರು. ಆದರೆ ಆರೇ ಇದ್ದವು, ಒಂದೂ ಅಡಗಿಸಿಟ್ಟಿಲ್ಲ ಎಂದು ಹೇಗೆ ನಂಬುವುದು? ತಪಾಸಕರು ಸಂವರ್ಧನಾ ಘಟಕದ ಹಿಂದಿನ ವರ್ಷಗಳ ದಾಖಲೆಗಳನ್ನು ತರಿಸಿಕೊಂಡು, ಅದು ಒಟ್ಟು ಎಷ್ಟು ಯುರೇನಿಯಂ ಉತ್ಪಾದಿಸಿರಬಹುದೆಂದು ಲೆಕ್ಕ ಹಾಕಿ, ಕೈಯಲ್ಲಿರುವುದರ ಜೊತೆ ಹೊಂದಿಸಿ ನೋಡಿದರು. ತಾನೇ ಕಟ್ಟಿದ ಅಣ್ವಸ್ತ್ರವನ್ನು ತಾನೇ ಪೂರ್ತಿ ಬಿಟ್ಟುಕೊಟ್ಟ ಏಕೈಕ ದೇಶದ ಮಾತು ನಂಬಿಕೆಗೆ ಅರ್ಹವಾದದ್ದು ಆ ಹಳೆಯ ಕಡತಗಳು ಉಳಿದಿದ್ದರಿಂದ. ಬಾಂಬುಗಳಿಂದ ತೆಗೆದ ಯುರೇನಿಯಂ ಮಾತ್ರ ದೇಶದಲ್ಲೇ, ಪೆಲಿಂಡಬಾ ಕೇಂದ್ರದಲ್ಲಿ, ಉಳಿಯಿತು. ಅದಕ್ಕೆ ಮುಂದೆ ಬರುತ್ತೇನೆ.

ದೇಶದಿಂದ ದೇಶಕ್ಕೆ ಅಣ್ವಸ್ತ್ರ ಹರಡಿದ ಅತ್ಯಂತ ಕೆಟ್ಟ ಪ್ರಕರಣ ನಮ್ಮ ನೆರೆಯದು. ನೆದರ್‌ಲ್ಯಾಂಡ್ಸ್‌ನಲ್ಲಿ ಸೆಂಟ್ರಿಫ್ಯೂಜ್ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಲೋಹತಜ್ಞ ಅಬ್ದುಲ್ ಖದೀರ್ ಖಾನ್ ಅಲ್ಲಿನ ವಿನ್ಯಾಸಗಳೊಂದಿಗೆ 1970ರ ದಶಕದಲ್ಲಿ ಪಾಕಿಸ್ತಾನಕ್ಕೆ ಮರಳಿ ಕಹುಟಾ ಘಟಕವನ್ನು ಕಟ್ಟಿದರು. ಮುಂದೆ ಅದೇ ತಂತ್ರಜ್ಞಾನ ಇರಾನ್, ಉತ್ತರ ಕೊರಿಯಾ, ಲಿಬಿಯಾಗಳಿಗೆ ಮಾರಾಟವಾಯಿತು. 2003ರ ಅಕ್ಟೋಬರಿನಲ್ಲಿ ಲಿಬಿಯಾಕ್ಕೆ ಹೊರಟಿದ್ದ ‘ಬಿಬಿಸಿ ಚೈನಾ’ ಎಂಬ ಹಡಗನ್ನು ಇಟಲಿಯ ಟಾರಾಂಟೊ ಬಂದರಿಗೆ ತಿರುಗಿಸಿ ತೆರೆದಾಗ ಮಲೇಷ್ಯಾದಲ್ಲಿ ತಯಾರಾದ ಸೆಂಟ್ರಿಫ್ಯೂಜ್ ಭಾಗಗಳು ಸಿಕ್ಕವು. ಆ ಡಿಸೆಂಬರಿನಲ್ಲಿ ಲಿಬಿಯಾ ತನ್ನ ಕಾರ್ಯಕ್ರಮವನ್ನು ಕೈಬಿಟ್ಟಿತು, 2004ರ ಫೆಬ್ರುವರಿಯಲ್ಲಿ ಖಾನ್ ದೂರದರ್ಶನದಲ್ಲಿ ತಪ್ಪೊಪ್ಪಿಕೊಂಡರು. ಸರ್ಕಾರಗಳ ನಡುವಿನ ಒಪ್ಪಂದ ಖಾಸಗಿ ವ್ಯಾಪಾರಿಯನ್ನು ತಡೆಯುವುದಿಲ್ಲ ಎಂಬ ಅರಿವಿನಿಂದಲೇ ಅದೇ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯವನ್ನು ಅಂಗೀಕರಿಸಿ, ಸಾಮೂಹಿಕ ವಿನಾಶದ ಶಸ್ತ್ರಗಳು ಖಾಸಗಿ ಗುಂಪುಗಳ ಕೈಸೇರದಂತೆ ತಡೆಯುವ ಕಾನೂನನ್ನು ಪ್ರತಿ ದೇಶವೂ ಮಾಡಲೇಬೇಕೆಂದು ವಿಧಿಸಿತು. ಭಾರತ ಅದಕ್ಕಾಗಿ 2005ರಲ್ಲಿ ಕಾಯ್ದೆ ತಂದಿತು.

ಭಾರತದ ಸ್ಥಾನವನ್ನು ನೇರವಾಗಿ ಹೇಳಬೇಕು. 1974ರ ಪೋಖರಣ್ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾ ಶಾಂತಿಯುತ ಬಳಕೆಗೆಂದು ಕೊಟ್ಟಿದ್ದ, ಅಮೆರಿಕದ ಭಾರಜಲದಿಂದ (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ಬಗೆಯ ನೀರು) ನಡೆಯುತ್ತಿದ್ದ ಸೈರಸ್ ರಿಯಾಕ್ಟರಿನಿಂದ. ಅಣು ಸಾಮಗ್ರಿ ಮತ್ತು ತಂತ್ರಜ್ಞಾನದ ರಫ್ತನ್ನು ನಿಯಂತ್ರಿಸುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ಹುಟ್ಟಿದ್ದೇ ಆ ಸ್ಫೋಟದ ಪ್ರತಿಕ್ರಿಯೆಯಾಗಿ. ಎನ್‌ಪಿಟಿ ತಾರತಮ್ಯದ್ದು ಎಂಬ ಭಾರತದ ವಾದದಲ್ಲಿ ನ್ಯಾಯವಿದೆ; ತನ್ನ ತಂತ್ರಜ್ಞಾನವನ್ನು ಅದು ಹೊರಗೆ ಮಾರಿಲ್ಲ ಎಂಬುದೂ ನಿಜ, ಮತ್ತು 2008ರಲ್ಲಿ ಅದೇ ಗುಂಪು ತನ್ನ ನಿಯಮಗಳಿಂದ ಭಾರತಕ್ಕೆ ವಿನಾಯಿತಿ ಕೊಡಲು ಅದು ಮುಖ್ಯ ಕಾರಣವಾಯಿತು. ಆದರೂ ಶಾಂತಿಯ ಹೆಸರಿನ ರಿಯಾಕ್ಟರು ಬಾಂಬಿನ ಮೂಲವಾಗಬಲ್ಲದೆಂದು ಜಗತ್ತಿಗೆ ಮೊದಲು ತೋರಿಸಿದವರು ನಾವೇ ಎಂಬುದನ್ನು ಮರೆಯಬಾರದು.

ಇನ್ನು ಉಗ್ರ ಸಂಘಟನೆಗಳ ವಿಷಯ. ಸಂವರ್ಧನಾ ಘಟಕವನ್ನಾಗಲಿ ರಿಯಾಕ್ಟರನ್ನಾಗಲಿ ಗುಟ್ಟಾಗಿ ಕಟ್ಟುವ ಶಕ್ತಿ ಯಾವ ಸಂಘಟನೆಗೂ ಇಲ್ಲ. 1995ರ ಮಾರ್ಚ್‌ನಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟ ಜಪಾನಿನ ಓಂ ಶಿನ್ರಿಕ್ಯೊ ಪಂಥಕ್ಕೆ ಅಪಾರ ಹಣವೂ ವಿಜ್ಞಾನ ಪದವೀಧರರೂ ಇದ್ದರು; ಅಣ್ವಸ್ತ್ರದ ಆಸೆಯೂ ಇತ್ತು, ಯುರೇನಿಯಂ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದೊಡ್ಡ ಜಮೀನನ್ನೂ ಕೊಂಡಿತ್ತು. ಅಣ್ವಸ್ತ್ರದ ಹತ್ತಿರಕ್ಕೂ ಅದು ಬರಲಿಲ್ಲ. ಹಾಗಾಗಿ ಉಗ್ರರಿಗೆ ಉಳಿಯುವ ದಾರಿ ಕದಿಯುವುದು ಅಥವಾ ಕದ್ದವರಿಂದ ಕೊಳ್ಳುವುದು. ಇಲ್ಲಿ ಸಂವರ್ಧಿತ ಯುರೇನಿಯಂ ಪ್ಲುಟೋನಿಯಂಗಿಂತ ಹೆಚ್ಚು ಚಿಂತೆಯ ವಸ್ತು, ಏಕೆಂದರೆ ಅದರ ವಿಕಿರಣ ಬಹಳ ಕ್ಷೀಣ. ಒಯ್ಯುವವನಿಗೆ ಹಾನಿ ಕಡಿಮೆ, ಗಡಿಯ ಶೋಧಕ ಯಂತ್ರಗಳಿಗೆ ಪತ್ತೆ ಕಷ್ಟ.

ಕಳ್ಳತನ ಹೇಗಿರುತ್ತದೆ ಎಂಬುದನ್ನು 1992ರಲ್ಲಿ ಮಾಸ್ಕೊ ಬಳಿಯ ಪೊಡೊಲ್ಸ್ಕ್‌ನ ಒಂದು ಸಂಶೋಧನಾ ಕಾರ್ಖಾನೆಯಲ್ಲಿ ನಡೆದದ್ದು ತೋರಿಸುತ್ತದೆ. ಸೋವಿಯತ್ ಒಕ್ಕೂಟ ಕುಸಿದು ಸಂಬಳಕ್ಕೆ ಬೆಲೆಯಿಲ್ಲದಂತಾಗಿದ್ದ ಕಾಲ. ಅಲ್ಲಿನ ಒಬ್ಬ ರಾಸಾಯನಿಕ ಎಂಜಿನಿಯರ್ ಶಸ್ತ್ರದ ಮಟ್ಟದ ಯುರೇನಿಯಂ ಅನ್ನು ಪ್ರತಿ ಸಲವೂ ಗ್ರಾಂಗಳ ಲೆಕ್ಕದಲ್ಲಿ, ಕೆಲವು ತಿಂಗಳುಗಳ ಉದ್ದಕ್ಕೂ ಮನೆಗೆ ಸಾಗಿಸಿದ. ಒಟ್ಟು ಸುಮಾರು ಒಂದೂವರೆ ಕಿಲೋ. ಕೆಲಸದಲ್ಲಿ ಇಷ್ಟು ಪಾಲು ನಷ್ಟವಾಗುವುದು ಸಹಜ ಎಂದು ನಿಯಮವೇ ಬಿಟ್ಟಿದ್ದ ಅಂತರದೊಳಗೆ ಆತ ಕದಿಯುತ್ತಿದ್ದುದರಿಂದ ಪುಸ್ತಕದಲ್ಲಿ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ರೈಲು ನಿಲ್ದಾಣದಲ್ಲಿ: ಬ್ಯಾಟರಿ ಕದ್ದಿದ್ದ ಪರಿಚಯದವರನ್ನು ಪೊಲೀಸರು ಹಿಡಿದಾಗ ಈತನೂ ಅವರ ಜೊತೆಗಿದ್ದ. ಅವನನ್ನು ಪತ್ತೆ ಮಾಡಿದ್ದು ಯಾವ ಅಣು ಭದ್ರತಾ ವ್ಯವಸ್ಥೆಯೂ ಅಲ್ಲ. ಎರಡು ವರ್ಷಗಳ ನಂತರ, 1994ರ ಡಿಸೆಂಬರಿನಲ್ಲಿ, ಪ್ರಾಗ್ ನಗರದಲ್ಲಿ ನಿಲ್ಲಿಸಿದ್ದ ಒಂದು ಕಾರಿನಲ್ಲಿ 2.7 ಕಿಲೋ ಅತಿ ಸಂವರ್ಧಿತ ಯುರೇನಿಯಂ ಸಿಕ್ಕಿತು. ಇಂಥ ಪ್ರಕರಣಗಳಲ್ಲಿ ನಮಗೆ ತಿಳಿದಿರುವುದು ಸಿಕ್ಕಿಬಿದ್ದವು ಮಾತ್ರ ಎಂಬುದು ಭದ್ರತಾ ತಜ್ಞರ ನಿದ್ದೆಗೆಡಿಸುವ ಸಂಗತಿ.

ಹೊರಗಿನಿಂದ ನುಗ್ಗುವವರ ಭಯವೂ ಕಲ್ಪನೆಯದಲ್ಲ. ದಕ್ಷಿಣ ಆಫ್ರಿಕಾದ ಅದೇ ಪೆಲಿಂಡಬಾ ಕೇಂದ್ರಕ್ಕೆ 2007ರ ನವೆಂಬರಿನ ಒಂದು ರಾತ್ರಿ ಶಸ್ತ್ರಧಾರಿಗಳ ಎರಡು ತಂಡಗಳು ನುಗ್ಗಿದವು. ಒಂದು ತಂಡ ವಿದ್ಯುತ್ ಬೇಲಿಯನ್ನು ನಿಷ್ಕ್ರಿಯಗೊಳಿಸಿ ತುರ್ತು ನಿಯಂತ್ರಣ ಕೊಠಡಿಯವರೆಗೂ ಬಂದು, ಒಬ್ಬ ಸಿಬ್ಬಂದಿಗೆ ಗುಂಡು ಹೊಡೆದು ತಪ್ಪಿಸಿಕೊಂಡಿತು. ಯುರೇನಿಯಂ ಇದ್ದ ಜಾಗವನ್ನು ಅವರು ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಏನೆಂಬುದು ಇಂದಿಗೂ ಸ್ಪಷ್ಟವಾಗಿಲ್ಲ. 2012ರ ಜುಲೈನಲ್ಲಿ ಓಕ್ ರಿಡ್ಜ್‌ನಲ್ಲಿ, ಅಮೆರಿಕದ ಯುರೇನಿಯಂ ಭಂಡಾರದ ಗೋಡೆಯವರೆಗೆ, 82 ವರ್ಷದ ಕ್ರೈಸ್ತ ಸನ್ಯಾಸಿನಿಯೊಬ್ಬರು ಮತ್ತು ಅವರ ಇಬ್ಬರು ಸಂಗಾತಿಗಳು ಬೇಲಿಗಳನ್ನು ಕತ್ತರಿಸಿ ನಡೆದುಹೋದರು. ಅವರು ಶಾಂತಿವಾದಿಗಳು, ಗೋಡೆಯ ಮೇಲೆ ಘೋಷಣೆ ಬರೆದರು. ಹಿರೋಷಿಮಾದ ಯುರೇನಿಯಂ ತಯಾರಾದ ಊರಿನಲ್ಲಿ, ಜಗತ್ತಿನ ಅತ್ಯಂತ ಶ್ರೀಮಂತ ಸರ್ಕಾರದ ಕಾವಲು ಹೀಗಿದ್ದರೆ ಬೇರೆಡೆಯ ಸ್ಥಿತಿಯನ್ನು ಊಹಿಸಬಹುದು.

ಆದರೂ ಪೊಡೊಲ್ಸ್ಕ್‌ನಲ್ಲಿ ಕಂಡಂತೆ ಹೆಚ್ಚು ಕಷ್ಟದ ಪ್ರಶ್ನೆ ಒಳಗಿನವರದು. 2014ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಡೋಲ್ ಸ್ಥಾವರದಲ್ಲಿ ಯಾರೋ ಬೇಕೆಂದೇ ಟರ್ಬೈನಿನ ಎಣ್ಣೆಯನ್ನು ಹರಿಯಬಿಟ್ಟು ಭಾರಿ ಹಾನಿ ಮಾಡಿದರು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 2009ರ ನವೆಂಬರಿನಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು: ನೌಕರರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇರುವ ಭಾರಜಲ ಬೆರೆತು ಐವತ್ತಕ್ಕೂ ಹೆಚ್ಚು ಮಂದಿಯ ದೇಹ ಸೇರಿತ್ತು. ಗೊತ್ತಾದದ್ದು ಸಿಬ್ಬಂದಿಯ ಮೂತ್ರವನ್ನು ನಿಯತವಾಗಿ ಪರೀಕ್ಷಿಸುವ ಪದ್ಧತಿಯಿಂದ. ಇದು ಒಳಗಿನವರದೇ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಅದು ಭಯೋತ್ಪಾದನೆಯಲ್ಲ, ಬಾಂಬಿನ ಸಾಮಗ್ರಿಯ ಕಳವೂ ಅಲ್ಲ. ಆದರೆ ಹಲವು ಹಂತದ ಕಾವಲು ದಾಟಿ ಬರಬೇಕಾದ ಸ್ಥಳದಲ್ಲಿ, ಪ್ರವೇಶದ ಹಕ್ಕುಳ್ಳ ಒಬ್ಬ ವ್ಯಕ್ತಿ ವಿಕಿರಣಶೀಲ ವಸ್ತುವನ್ನು ತನಗೆ ಬೇಕಾದಲ್ಲಿಗೆ ಒಯ್ಯಬಲ್ಲನೆಂದು ಅದು ತೋರಿಸಿತು. ಇಂಥ ಜಾಗಗಳಲ್ಲಿ ಯಾರೂ ಒಬ್ಬರೇ ಕೆಲಸ ಮಾಡಬಾರದೆಂಬ ನಿಯಮ, ನೇಮಕದ ನಂತರವೂ ಮುಂದುವರಿಯುವ ಹಿನ್ನೆಲೆ ಪರಿಶೀಲನೆ, ನೊಂದ ನೌಕರನ ಅಹವಾಲನ್ನು ಕೇಳುವ ವ್ಯವಸ್ಥೆ ಬಂದೂಕಿನಷ್ಟೇ ಮುಖ್ಯವಾದ ಭದ್ರತೆ.

ಜನರು ಹೆಚ್ಚಾಗಿ ಕೇಳಿರುವ ‘ಡರ್ಟಿ ಬಾಂಬ್’ ಇವೆಲ್ಲಕ್ಕಿಂತ ಬೇರೆ. ಅದರಲ್ಲಿ ಅಣು ಸ್ಫೋಟವಿಲ್ಲ. ಸಾಮಾನ್ಯ ಸ್ಫೋಟಕದಿಂದ ವಿಕಿರಣಶೀಲ ವಸ್ತುವನ್ನು ಚೆಲ್ಲಾಡುವುದಷ್ಟೇ. ಬೇಕಾದ ಸೀಸಿಯಂ, ಕೋಬಾಲ್ಟ್ ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ಇರುತ್ತವೆ. ಸಾಯುವವರು ಹೆಚ್ಚಾಗಿ ಸ್ಫೋಟಕದಿಂದಲೇ. ಆದರೆ ಭೀತಿ ಮತ್ತು ಶುದ್ಧೀಕರಣದ ಹೊರೆ ಅಪಾರ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಿಂದ ಕಿತ್ತು ತಂದ ಯಂತ್ರದ ಸೀಸಿಯಂ ಪುಡಿ ಗುಜರಿ ಅಂಗಡಿಯಿಂದ ಮನೆಮನೆಗೆ ಹರಡಿ ನಾಲ್ವರು ಸತ್ತರು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹರಾಜಿನಲ್ಲಿ ಬಂದ ಹಳೆಯ ಕೋಬಾಲ್ಟ್ ಯಂತ್ರ ಒಬ್ಬ ಕೆಲಸಗಾರನ ಜೀವ ತೆಗೆಯಿತು. ಎರಡರಲ್ಲೂ ಉಗ್ರರಿರಲಿಲ್ಲ, ದುರುದ್ದೇಶವೂ ಇರಲಿಲ್ಲ. ಯಂತ್ರದ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಇಷ್ಟೆಲ್ಲ ಭಯದ ನಡುವೆ ಸದ್ದಿಲ್ಲದೆ ನಡೆದ ಒಳ್ಳೆಯ ಕೆಲಸವನ್ನು ಹೇಳದಿರುವುದು ಅನ್ಯಾಯ. 1994ರಲ್ಲಿ ಕಜಾಕಸ್ತಾನದ ಒಂದು ಗೋದಾಮಿನಲ್ಲಿ ಉಳಿದುಹೋಗಿದ್ದ ಸುಮಾರು 600 ಕಿಲೋ ಅತಿ ಸಂವರ್ಧಿತ ಯುರೇನಿಯಂ ಅನ್ನು ಆ ದೇಶದ ಒಪ್ಪಿಗೆಯಿಂದಲೇ ಗುಟ್ಟಾಗಿ ವಿಮಾನದಲ್ಲಿ ಅಮೆರಿಕಕ್ಕೆ ಸಾಗಿಸಲಾಯಿತು. 1993ರಿಂದ 2013ರವರೆಗೆ ರಷ್ಯಾದ ಸಿಡಿತಲೆಗಳ 500 ಟನ್ ಯುರೇನಿಯಂ ಅನ್ನು ದುರ್ಬಲಗೊಳಿಸಿ ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಸಲಾಯಿತು. ಇಪ್ಪತ್ತು ಸಾವಿರ ಸಿಡಿತಲೆಗಳಿಗೆ ಸಾಕಾಗುವಷ್ಟು ಯುರೇನಿಯಂ ಮನೆಗಳ ದೀಪಕ್ಕೆ ಇಂಧನವಾಯಿತು. ಸಂಶೋಧನಾ ರಿಯಾಕ್ಟರುಗಳನ್ನು ಕಡಿಮೆ ಸಂವರ್ಧಿತ ಇಂಧನಕ್ಕೆ ಬದಲಾಯಿಸುವ ಕೆಲಸ 1978ರಿಂದ ನಡೆದಿದೆ. ಟ್ರಾಂಬೆಯಲ್ಲಿ 1956ರಿಂದ ಅತಿ ಸಂವರ್ಧಿತ ಇಂಧನದಲ್ಲಿ ನಡೆದ ‘ಅಪ್ಸರಾ’ದ ಸ್ಥಾನದಲ್ಲಿ 2018ರಲ್ಲಿ ಚಾಲನೆಗೊಂಡ ‘ಅಪ್ಸರಾ-ಯು’ ಕಡಿಮೆ ಸಂವರ್ಧಿತ ಇಂಧನವನ್ನೇ ಬಳಸುತ್ತದೆ. 2010ರಿಂದ 2016ರವರೆಗೆ ನಡೆದ ನಾಲ್ಕು ಅಣು ಭದ್ರತಾ ಶೃಂಗಸಭೆಗಳು ಈ ಕೆಲಸಕ್ಕೆ ವೇಗ ಕೊಟ್ಟವು. ಕೊನೆಯದಕ್ಕೆ ರಷ್ಯಾ ಬರಲಿಲ್ಲ. ಆಮೇಲೆ ಶೃಂಗಸಭೆಗಳೇ ನಿಂತವು.

ಈಗ ಉಳಿದಿರುವ ಕೆಲಸ ಹೆಚ್ಚು ಕಷ್ಟದ್ದು. ಬಾಂಬಿಗೆ ತಕ್ಕ ಸಾಮಗ್ರಿಯ ಬಹುಪಾಲು ಸೇನೆಗಳ ಕೈಯಲ್ಲಿದೆ. 2016ರಲ್ಲಿ ತಿದ್ದುಪಡಿ ಜಾರಿಗೆ ಬಂದ, ಅಣು ಸಾಮಗ್ರಿಯ ಭೌತಿಕ ರಕ್ಷಣೆಯ ಒಪ್ಪಂದ ಅನ್ವಯಿಸುವುದು ಶಾಂತಿಯುತ ಬಳಕೆಯ ಸಾಮಗ್ರಿಗೆ; ಸೇನೆಯ ದಾಸ್ತಾನು ಅದರ ಹೊರಗೆ. ಶಸ್ತ್ರಕ್ಕೆಂದು ಹೊಸದಾಗಿ ಯುರೇನಿಯಂ, ಪ್ಲುಟೋನಿಯಂ ತಯಾರಿಸುವುದನ್ನೇ ನಿಲ್ಲಿಸುವ ಒಪ್ಪಂದಕ್ಕೆ 1995ರಲ್ಲಿ ಜಿನೀವಾದಲ್ಲಿ ಸಮ್ಮತಿ ಸಿಕ್ಕಿತ್ತು. ಮಾತುಕತೆ ಇಂದಿಗೂ ಹಳಿಗೆ ಬಂದಿಲ್ಲ. ಉಪಖಂಡದ ಎರಡೂ ದೇಶಗಳು ತಮ್ಮ ದಾಸ್ತಾನನ್ನು ಹೆಚ್ಚಿಸುತ್ತಲೇ ಇವೆ, ಮತ್ತು ಹೆಚ್ಚಿದ ಪ್ರತಿ ಕಿಲೋವನ್ನೂ ಯಾರಾದರೂ ದಶಕಗಳ ಕಾಲ ಕಾಯಬೇಕು.

ಅಮೆರಿಕದ ಜೊತೆಗಿನ ಅಣು ಒಪ್ಪಂದದ ಭಾಗವಾಗಿ ಭಾರತ 2006ರಲ್ಲಿ ತನ್ನ 14 ರಿಯಾಕ್ಟರುಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಲು ತೀರ್ಮಾನಿಸಿತು. ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗೆ ಹೊರಗಿಡಲು ದೇಶಕ್ಕೆ ತನ್ನದೇ ಕಾರಣಗಳಿವೆ. ಆದರೆ ಹೊರಗಿನ ಪರಿಶೋಧಕರು ನೋಡದ ಕಡೆ ಒಳಗಿನ ನಿಯಂತ್ರಣ ಸಂಸ್ಥೆ ಸ್ಥಾವರ ನಡೆಸುವ ಇಲಾಖೆಯಿಂದ ಪೂರ್ತಿ ಸ್ವತಂತ್ರವಾಗಿರಬೇಕು, ಅದರ ವರದಿಗಳು ಸಂಸತ್ತಿಗೆ ಬರಬೇಕು, ಮತ್ತು ಗುಟ್ಟು ಎಂಬ ಒಂದೇ ಉತ್ತರಕ್ಕೆ ಸಂಸದರು ಸುಮ್ಮನಾಗಬಾರದು. ಕಾವಲಿನ ವಿವರ ಗುಟ್ಟಾಗಿರಲಿ. ಕಾವಲನ್ನು ಯಾರು, ಎಷ್ಟು ಸಲ, ಯಾರ ಅಪ್ಪಣೆಗೂ ಕಾಯದೆ ಪರೀಕ್ಷಿಸುತ್ತಾರೆ ಎಂಬುದು ಗುಟ್ಟಾಗಿರಬೇಕಾದ ವಿಷಯವಲ್ಲ.